ಲೈಸೆನ್ಸ್ ಮೊದಲು, ಸೆಟ್ಟು ಆಮೇಲೆ

ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಮಕ್ಕಳ ಬೇಡಿಕೆಗಳ ಪಟ್ಟಿ ಅಪ್ಪ ಅಮ್ಮನ ಮುಂದೆ ಬರುತ್ತದೆ. ಸೈಕಲ್, ಬ್ಯಾಟು, ಗಿಟಾರ್, ಇಲ್ಲವೇ ಹೊಸ ಮೊಬೈಲ್. ಈಚೆಗೆ ಈ ಪಟ್ಟಿಗೆ ವಾಕಿಟಾಕಿಯೂ ಸೇರಿಕೊಂಡಿದೆ. ಆನ್‌ಲೈನ್ ಅಂಗಡಿಗಳಲ್ಲಿ ಇದರ ಬೆಲೆ ಒಂದು ಸಾಧಾರಣ ಸೈಕಲ್ಲಿಗಿಂತ ಕಡಿಮೆ. ‘ಇದೊಂದು ಕೊಡಿಸಿ, ನಾನು ಹ್ಯಾಮ್ ಆಗ್ತೀನಿ’ ಎನ್ನುತ್ತಾನೆ ಹುಡುಗ. ಮೊಬೈಲಿನಲ್ಲಿ ಆಟ ಆಡುವುದಕ್ಕಿಂತ ಇದೇ ವಾಸಿ, ಸ್ವಲ್ಪ ವಿಜ್ಞಾನವಾದರೂ ಕಲಿಯುತ್ತಾನೆ ಎಂದು ಅಪ್ಪನೂ ಒಪ್ಪಿಕೊಳ್ಳುತ್ತಾರೆ.

ಹುಡುಗನ ಆಸೆಯೂ ಒಳ್ಳೆಯದು, ಅಪ್ಪನ ಲೆಕ್ಕಾಚಾರವೂ ಸರಿಯಾದದ್ದು. ಆದರೆ ಕ್ರಮ ಮಾತ್ರ ತಿರುವುಮುರುವಾಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಬಟ್ಟೆ ದಂಡವಾಗಬಹುದು, ಅಷ್ಟೇ. ಲೈಸೆನ್ಸ್ ಬರುವ ಮುಂಚೆ ಪ್ರಸಾರದ ಸೆಟ್ಟು ಕೊಂಡು ಗುಂಡಿ ಒತ್ತಿದರೆ ಅದು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಮಗ ಅಥವಾ ಮಗಳು ಹವ್ಯಾಸಿ ರೇಡಿಯೋ ಕಡೆಗೆ ಒಲವು ತೋರಿಸಿದರೆ ಎಲ್ಲಿಂದ ಆರಂಭಿಸಬೇಕು, ಯಾವುದರ ನಂತರ ಯಾವುದು ಎಂಬುದನ್ನು ಈ ವಾರ ನೋಡೋಣ.

ವಾಕಿಟಾಕಿ ಬೇರೆ, ಹ್ಯಾಮ್ ಬೇರೆ

ಹವ್ಯಾಸಿ ರೇಡಿಯೋ ಎಂದರೆ ಹಣದ ಆಸೆಯಿಲ್ಲದೆ, ಕಲಿಕೆಗಾಗಿ ಮತ್ತು ಪ್ರಯೋಗಕ್ಕಾಗಿ, ಸರಕಾರದ ಪರವಾನಗಿ ಪಡೆದು ವ್ಯಕ್ತಿಯೊಬ್ಬ ತನ್ನದೇ ರೇಡಿಯೋ ನಿಲಯ ನಡೆಸುವುದು. ಇಂಥವರನ್ನು ಪ್ರಪಂಚದಾದ್ಯಂತ ಹ್ಯಾಮ್‌ಗಳು ಎಂದು ಕರೆಯುತ್ತಾರೆ. ಆಕಾಶವಾಣಿಯಂತೆ ಹಾಡು, ವಾರ್ತೆ ಬಿತ್ತರಿಸುವುದಕ್ಕೆ ಇಲ್ಲಿ ಅವಕಾಶವಿಲ್ಲ. ಒಬ್ಬ ಹ್ಯಾಮ್ ಇನ್ನೊಬ್ಬ ಹ್ಯಾಮ್ ಜೊತೆ ಮಾತನಾಡಬಹುದು, ಮೋರ್ಸ್ ಸಂಕೇತದಲ್ಲಿ ಸಂಭಾಷಿಸಬಹುದು, ಕಂಪ್ಯೂಟರ್ ಜೋಡಿಸಿ ಅಕ್ಷರ, ಚಿತ್ರ ಕಳಿಸಬಹುದು. ಅವರಿಗಾಗಿಯೇ ಕೆಲವು ತರಂಗಪಟ್ಟಿಗಳನ್ನು ಅಂತರರಾಷ್ಟ್ರೀಯ ಒಪ್ಪಂದದಂತೆ ಮೀಸಲಿಡಲಾಗಿದೆ. ನಮ್ಮ ದೇಶದಲ್ಲಿ 7.0ರಿಂದ 7.2 ಮೆಗಾಹರ್ಟ್ಸ್, 14.0ರಿಂದ 14.35 ಮೆಗಾಹರ್ಟ್ಸ್, 144ರಿಂದ 146 ಮೆಗಾಹರ್ಟ್ಸ್ ಇವು ಹೆಚ್ಚು ಬಳಕೆಯಲ್ಲಿರುವ ಪಟ್ಟಿಗಳು.

ಅಗ್ಗದ ಕೈಸೆಟ್ಟುಗಳ ತೊಂದರೆ ಇರುವುದೇ ಇಲ್ಲಿ. ಅವುಗಳಲ್ಲಿ ಹಲವು 136ರಿಂದ 174 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಪ್ರಸಾರ ಮಾಡಬಲ್ಲವು. ಹ್ಯಾಮ್‌ಗಳಿಗೆ ಸೇರಿದ ಪಟ್ಟಿ ಅದರಲ್ಲಿ ಒಂದು ಸಣ್ಣ ತುಂಡು ಮಾತ್ರ. ಉಳಿದ ಜಾಗದಲ್ಲಿ ಹಡಗುಗಳು, ಪೊಲೀಸರು, ತುರ್ತು ಸೇವೆಯವರು ಮಾತನಾಡುತ್ತಿರುತ್ತಾರೆ. ಟೆರೇಸಿನ ಮೇಲೆ ನಿಂತು ‘ಹಲೋ ಹಲೋ’ ಎನ್ನುವ ಹುಡುಗನಿಗೆ ತಾನು ಯಾರ ಮಾತಿನ ಮೇಲೆ ಕೂತಿದ್ದೇನೆಂದು ಗೊತ್ತೇ ಆಗುವುದಿಲ್ಲ.

2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ಲೈಸೆನ್ಸಿನ ಅಗತ್ಯವನ್ನು ತಿಳಿಸದೆ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ತಾಣಗಳಿಗೆ ನೋಟಿಸ್ ನೀಡಿತು. ಅಂಗಡಿಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಬಳಸಬಹುದು ಎಂದಲ್ಲ ಎಂಬುದನ್ನು ಪಾಲಕರು ಗಮನಿಸಬೇಕು. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಅತಿ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವ, ಸರಕಾರದ ಅನುಮೋದನೆ ಪಡೆದ ಸೆಟ್ಟುಗಳಿಗೆ 2018ರ ನಿಯಮದಂತೆ ಲೈಸೆನ್ಸ್ ಬೇಡ. ತೋಟದ ಈ ತುದಿಯಿಂದ ಆ ತುದಿಗೆ ಮಾತನಾಡುವುದೇ ಉದ್ದೇಶವಾದರೆ ಅಂಥದನ್ನು ಕೊಳ್ಳಬಹುದು. ಆದರೆ ಅದನ್ನು ಕೊಂಡವರು ಹ್ಯಾಮ್ ಆಗುವುದಿಲ್ಲ.

ಫೋನ್ ಇರುವಾಗ ಇದೇಕೆ?

ಬಹುತೇಕ ಪಾಲಕರ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ.

ಮೊಬೈಲ್ ಫೋನ್ ಕೆಲಸ ಮಾಡಬೇಕಾದರೆ ಹತ್ತಿರದಲ್ಲಿ ಗೋಪುರ ಬೇಕು, ಗೋಪುರಕ್ಕೆ ವಿದ್ಯುತ್ ಬೇಕು, ಅಲ್ಲಿಂದ ಮುಂದಕ್ಕೆ ಕೇಬಲ್ ಬೇಕು. ಪ್ರವಾಹ, ಚಂಡಮಾರುತ, ಭೂಕಂಪಗಳಲ್ಲಿ ಈ ಮೂರರಲ್ಲಿ ಒಂದು ಕೈಕೊಟ್ಟರೂ ಊರಿಗೆ ಊರೇ ಮೂಕವಾಗುತ್ತದೆ. ಹ್ಯಾಮ್ ನಿಲಯಕ್ಕೆ ಒಂದು ಸೆಟ್ಟು, ಒಂದು ಕಾರಿನ ಬ್ಯಾಟರಿ, ಎರಡು ಮರಗಳ ನಡುವೆ ಕಟ್ಟಲು ಒಂದಿಷ್ಟು ತಂತಿ ಇದ್ದರೆ ಸಾಕು. ನಡುವೆ ಇನ್ಯಾರ ಹಂಗೂ ಇಲ್ಲ.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಅಲ್ಲಿಂದ ಹವ್ಯಾಸಿ ಪ್ರಸಾರ ನಡೆಸಲು ಸರಕಾರದ ವಿಶೇಷ ಅನುಮತಿ ಪಡೆದು, ಜಗತ್ತಿನ ನಾನಾ ಮೂಲೆಗಳ ಹ್ಯಾಮ್‌ಗಳೊಡನೆ ಮಾತನಾಡುತ್ತಿದ್ದರು. ಡಿಸೆಂಬರ್ 26ರ ಬೆಳಗ್ಗೆ ಸುನಾಮಿ ಬಂತು. ದ್ವೀಪಗಳ ಸಾಮಾನ್ಯ ಸಂಪರ್ಕ ಕಡಿದುಹೋದಾಗ ಹವ್ಯಾಸಕ್ಕೆಂದು ಒಯ್ದಿದ್ದ ಅದೇ ಸೆಟ್ಟು ಹೊರಜಗತ್ತಿಗೆ ಸುದ್ದಿ ಮುಟ್ಟಿಸುವ ದಾರಿಯಾಯಿತು. ಆ ತಂಡದ ಬಳಿ ಅಂದು ಲೈಸೆನ್ಸ್ ಇತ್ತು, ಅನುಭವವಿತ್ತು, ಅವರ ದನಿಯನ್ನು ಗುರುತಿಸಬಲ್ಲ ಹ್ಯಾಮ್‌ಗಳು ಮುಖ್ಯಭೂಮಿಯಲ್ಲಿ ಕಿವಿಗೊಟ್ಟು ಕುಳಿತಿದ್ದರು. ಈ ಮೂರನ್ನೂ ಅಂಗಡಿಯಲ್ಲಿ ಕೊಳ್ಳಲಾಗದು. ವಿಪತ್ತು ಬಂದ ದಿನ ಕಲಿಯಲೂ ಆಗದು.

ಬೆಂಗಳೂರಿಗೂ ಈ ಹವ್ಯಾಸಕ್ಕೂ ಹಳೆಯ ನಂಟು. ಇಸ್ರೋ ರೂಪಿಸಿದ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋ ತೂಕದ ಉಪಗ್ರಹ 2005ರ ಮೇ 5ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹಾರಿತು. ಹವ್ಯಾಸಿಗಳು ಕಳಿಸಿದ ದನಿಯನ್ನು ಹಿಡಿದು ದೂರದೂರಿಗೆ ಮರಳಿಸುವುದೇ ಅದರ ಕೆಲಸ. 2014ರ ಜುಲೈವರೆಗೆ, ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಅದು ದುಡಿಯಿತು. 2025ರ ಜುಲೈ 4ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರೊಂದಿಗೆ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳು ಪ್ರಶ್ನೋತ್ತರ ನಡೆಸಿದ್ದೂ ಹ್ಯಾಮ್ ರೇಡಿಯೋ ಮೂಲಕವೇ.

ಹಾಗೆಂದು ಪಾಲಕರಲ್ಲಿ ಹುಸಿ ಆಸೆ ಹುಟ್ಟಿಸಬಾರದು. ಸಿಇಟಿಯಲ್ಲಿ ಹ್ಯಾಮ್‌ಗೆ ಅಂಕವಿಲ್ಲ, ಕಾಲೇಜು ಸೀಟಿನಲ್ಲಿ ಮೀಸಲಾತಿಯಿಲ್ಲ. ಸಿಗುವುದು ಬೇರೆ. ಪುಸ್ತಕದಲ್ಲಿ ಓದಿದ ಓಮನ ನಿಯಮ ಕೈಯಲ್ಲಿ ಬಿಸಿಯಾಗುವ ತಂತಿಯಾಗಿ ಅರ್ಥವಾಗುತ್ತದೆ. ಅಪರಿಚಿತರೊಂದಿಗೆ ಸಭ್ಯವಾಗಿ, ಸ್ಪಷ್ಟವಾಗಿ, ಚುಟುಕಾಗಿ ಮಾತನಾಡುವ ರೂಢಿ ಬರುತ್ತದೆ. ಎಲೆಕ್ಟ್ರಾನಿಕ್ಸ್, ದೂರಸಂಪರ್ಕ ಓದಲು ಹೊರಟವರಿಗೆ ಇದು ಮನೆಯಲ್ಲೇ ಇರುವ ಪ್ರಯೋಗಶಾಲೆ.

ಪರೀಕ್ಷೆ ಹೇಗಿರುತ್ತದೆ?

ನಮ್ಮಲ್ಲಿ ಈ ಲೈಸೆನ್ಸ್ ನೀಡುವುದು ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆ. ರಾಜ್ಯ ಸರಕಾರಕ್ಕಾಗಲಿ, ಪೊಲೀಸ್ ಠಾಣೆಗಾಗಲಿ, ಯಾವುದೇ ಕ್ಲಬ್ಬಿಗಾಗಲಿ ಲೈಸೆನ್ಸ್ ಕೊಡುವ ಅಧಿಕಾರವಿಲ್ಲ. ‘ನಮ್ಮ ತರಬೇತಿಗೆ ಸೇರಿ, ಲೈಸೆನ್ಸ್ ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ಎರಡು ಹೆಜ್ಜೆ ಹಿಂದೆ ನಿಲ್ಲಿ.

ಇಲ್ಲಿ ದಾಟಬೇಕಾದ ಮೆಟ್ಟಿಲು ಎರಡು. ಅನೇಕರು ಒಂದನ್ನು ದಾಟಿ, ಎಲ್ಲ ಮುಗಿಯಿತೆಂದು ಭಾವಿಸಿ ಎಡವುತ್ತಾರೆ. ಮೊದಲನೆಯದು ಪರೀಕ್ಷೆ. ಅದರಲ್ಲಿ ಉತ್ತೀರ್ಣರಾದವರಿಗೆ ಹವ್ಯಾಸಿ ನಿಲಯ ನಡೆಸುವ ಅರ್ಹತೆ ಇದೆಯೆಂಬ ಪ್ರಮಾಣಪತ್ರ ಸಿಗುತ್ತದೆ. ಎರಡನೆಯದು ಲೈಸೆನ್ಸಿಗೆ ಪ್ರತ್ಯೇಕ ಅರ್ಜಿ. ಅದು ಮಂಜೂರಾದಾಗ ಮಾತ್ರ ನಿಮ್ಮದೇ ಆದ ಕರೆಸಂಕೇತ, ಅಂದರೆ ಕಾಲ್‌ಸೈನ್ ಕೈಗೆ ಬರುತ್ತದೆ. ಕಾಲ್‌ಸೈನ್ ಇಲ್ಲದೆ ಪ್ರಸಾರವಿಲ್ಲ. ಪ್ರಮಾಣಪತ್ರ ಬಂದ ಸಂಭ್ರಮದಲ್ಲಿ ಮೈಕ್ ಹಿಡಿಯಬಾರದು.

1978ರ ಹವ್ಯಾಸಿ ಸೇವಾ ನಿಯಮಗಳು ಮತ್ತು ಅವಕ್ಕೆ ಆಮೇಲೆ ಬಂದ ತಿದ್ದುಪಡಿಗಳಂತೆ ಪರೀಕ್ಷೆಗೆ ಕನಿಷ್ಠ ವಯಸ್ಸು 12 ವರ್ಷ. ಹಿಂದೆ ಇದ್ದ ಹಲವು ದರ್ಜೆಗಳನ್ನು ಕಡಿಮೆ ಮಾಡಿ ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಎಂಬ ಎರಡನ್ನು ಉಳಿಸಿಕೊಳ್ಳಲಾಯಿತು. ಎರಡಕ್ಕೂ ಲಿಖಿತ ಪರೀಕ್ಷೆಯಲ್ಲಿ ಎರಡು ಭಾಗ. ಒಂದು ರೇಡಿಯೋ ತತ್ವ ಮತ್ತು ಪ್ರಯೋಗ, ಇನ್ನೊಂದು ನಿಯಮಗಳು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಸಂಕೇತವನ್ನು ಕಳಿಸಲು ಮತ್ತು ಬರೆದುಕೊಳ್ಳಲು ಬರಬೇಕು. ಜನರಲ್ ದರ್ಜೆಯವರಿಗೆ ಹೆಚ್ಚು ಶಕ್ತಿಯ ಪ್ರಸಾರಕ್ಕೆ ಅವಕಾಶವಿದೆ. ಅವರ ಕಾಲ್‌ಸೈನ್ ಸಾಮಾನ್ಯವಾಗಿ ವಿಯು2 ಎಂದೂ ರಿಸ್ಟ್ರಿಕ್ಟೆಡ್ ದರ್ಜೆಯವರದು ವಿಯು3 ಎಂದೂ ಆರಂಭವಾಗುತ್ತದೆ.

ಅರ್ಜಿಯನ್ನು ಇಲಾಖೆಯ ‘ಸರಳ ಸಂಚಾರ್’ ಎಂಬ ಅಂತರಜಾಲ ತಾಣದ ಮೂಲಕ ಹಾಕಬೇಕು. ಪರೀಕ್ಷೆ ನಡೆಸುವುದು ಇಲಾಖೆಗೆ ಸೇರಿದ ನಿಸ್ತಂತು ಉಸ್ತುವಾರಿ ಕೇಂದ್ರಗಳು. ಕರ್ನಾಟಕದಲ್ಲಿ ಇಂಥ ಕೇಂದ್ರಗಳು ಬೆಂಗಳೂರು ಮತ್ತು ಮಂಗಳೂರಿನಲ್ಲಿವೆ. ಇಲ್ಲೊಂದು ಎಚ್ಚರಿಕೆ. 2023ರ ದೂರಸಂಪರ್ಕ ಕಾಯ್ದೆಯು 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆಗಳ ಜಾಗಕ್ಕೆ ಬಂದದ್ದು. ಹಳೆಯ ಕಾಯ್ದೆಗಳಡಿ ಬರೆದ ನಿಯಮಗಳನ್ನು ಹೊಸದಕ್ಕೆ ಹೊಂದಿಸುವಾಗ ಶುಲ್ಕ, ಅರ್ಜಿ ನಮೂನೆ, ಅಂಕಗಳ ಮಿತಿ ಬದಲಾಗುವುದು ಸಹಜ. ಆದ್ದರಿಂದ ಹಳೆಯ ಗೈಡನ್ನೋ ಅಣ್ಣನ ಟಿಪ್ಪಣಿಯನ್ನೋ ನಂಬಿ ಅರ್ಜಿ ತುಂಬಬೇಡಿ. ಪಾಠ ಓದಲು ಹಳೆಯ ಪುಸ್ತಕ ಸಾಕು. ಶುಲ್ಕ ಕಟ್ಟುವ ದಿನ ತಾಣದಲ್ಲಿರುವ ಸೂಚನೆಯನ್ನೇ ನೋಡಿ.

ಅರ್ಜಿ ತುಂಬುವಾಗ ಹೆಸರಿನ ವಿಷಯದಲ್ಲಿ ಜಾಗ್ರತೆಯಿರಲಿ. ಶಾಲೆಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್ ಕಾರ್ಡಿನಲ್ಲಿ ಹಿಂದೆ, ಇನ್ನೊಂದರಲ್ಲಿ ತಂದೆಯ ಪೂರ್ಣ ಹೆಸರು ಎಂಬ ಗೊಂದಲ ನಮ್ಮ ಕಡೆ ಬಹಳ. ಎಲ್ಲ ದಾಖಲೆಗಳಲ್ಲಿ ಹೆಸರು, ಹುಟ್ಟಿದ ದಿನಾಂಕ ಒಂದೇ ರೀತಿ ಇವೆಯೇ ಎಂದು ಮೊದಲೇ ನೋಡಿಕೊಂಡರೆ ಆಮೇಲಿನ ಪತ್ರವ್ಯವಹಾರ ತಪ್ಪುತ್ತದೆ. ಸಲ್ಲಿಸಿದ ಅರ್ಜಿ, ಹಣ ಕಟ್ಟಿದ ರಸೀತಿ ಇವುಗಳ ಪ್ರತಿಯನ್ನು ಒಂದು ಫೈಲಿನಲ್ಲಿಡಿ.

ಓದುವುದು ಹೇಗೆ?

ಪಿಯುಸಿ ವಿಜ್ಞಾನದ ವಿದ್ಯಾರ್ಥಿಗೆ ರೇಡಿಯೋ ತತ್ವದ ಬಹುಪಾಲು ಪರಿಚಿತವೇ. ಓಮನ ನಿಯಮ, ಕೆಪಾಸಿಟರ್, ಕಾಯಿಲ್, ಅನುರಣನ, ಡಯೋಡ್ ಇವೆಲ್ಲ ಭೌತಶಾಸ್ತ್ರದ ಪಠ್ಯದಲ್ಲಿವೆ. ಹೊಸದಾಗಿ ಕಲಿಯಬೇಕಾದದ್ದು ಮಾಡ್ಯುಲೇಷನ್, ಸೂಪರ್‌ಹೆಟರೊಡೈನ್ ಗ್ರಾಹಕ, ಆಂಟೆನಾ, ಅಲೆಗಳು ಸಾಗುವ ರೀತಿ. ಹೈಸ್ಕೂಲಿನ ಮಕ್ಕಳಿಗೆ, ವಾಣಿಜ್ಯ ಅಥವಾ ಕಲಾ ವಿಭಾಗದವರಿಗೆ ಸ್ವಲ್ಪ ಹೆಚ್ಚು ಸಮಯ ಬೇಕಾದೀತು. ದಿನಕ್ಕೆ ಒಂದು ಗಂಟೆಯಂತೆ ಮೂರು ತಿಂಗಳು ಓದಿದರೆ ರಿಸ್ಟ್ರಿಕ್ಟೆಡ್ ಪರೀಕ್ಷೆ ಕಷ್ಟವೇನಲ್ಲ.

ಒಂದು ಸೂತ್ರವನ್ನು ಬಾಯಿಪಾಠ ಮಾಡಿಕೊಳ್ಳಿ. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಕಂಪನಾಂಕದಿಂದ ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಬರುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಆಗಿರುವುದರಿಂದ ಈ ಸುಲಭ ಲೆಕ್ಕ. 7.1 ಮೆಗಾಹರ್ಟ್ಸ್‌ಗೆ ಇದು ಸುಮಾರು 42 ಮೀಟರ್. 145 ಮೆಗಾಹರ್ಟ್ಸ್‌ಗೆ ಸುಮಾರು 2 ಮೀಟರ್. ಹ್ಯಾಮ್‌ಗಳು ‘40 ಮೀಟರ್ ಪಟ್ಟಿ’, ‘2 ಮೀಟರ್ ಪಟ್ಟಿ’ ಎನ್ನುವುದು ಈ ಲೆಕ್ಕದಿಂದ.

ನಿಯಮಗಳ ಭಾಗವನ್ನು ಹಗುರವಾಗಿ ಎಣಿಸಬೇಡಿ. ಎರಡೂ ಭಾಗಗಳಲ್ಲಿ ಪ್ರತ್ಯೇಕವಾಗಿ ಕನಿಷ್ಠ ಅಂಕ ಬರಬೇಕು. ಲೆಕ್ಕದಲ್ಲಿ ಜಾಣನಾದ ಹುಡುಗ ನಿಯಮದ ಪುಸ್ತಕ ತೆರೆಯದೆ ಹೋದರೆ ಅಲ್ಲಿ ಕೈಸುಟ್ಟುಕೊಳ್ಳುತ್ತಾನೆ.

ಮೋರ್ಸನ್ನು ಚುಕ್ಕೆ, ಗೆರೆ ಎಂದು ಕಾಗದದ ಮೇಲೆ ಕಲಿಯಬೇಡಿ. ಅದು ಕಣ್ಣಿನ ವಿದ್ಯೆಯಲ್ಲ, ಕಿವಿಯ ವಿದ್ಯೆ. ಸಂಗೀತ ಪಾಠದಲ್ಲಿ ಸರಳೆ ವರಸೆ ಕಲಿತಂತೆ ದನಿಯಾಗಿಯೇ ಹಿಡಿಯಬೇಕು. ‘ಸಿ’ ಎಂದರೆ ಡಾ-ಡಿ-ಡಾ-ಡಿಟ್, ‘ಕ್ಯೂ’ ಎಂದರೆ ಡಾ-ಡಾ-ಡಿ-ಡಾ. ಇವೆರಡನ್ನು ಸೇರಿಸಿದರೆ ‘ಯಾರಾದರೂ ಇದ್ದೀರಾ, ಉತ್ತರಿಸಿ’ ಎಂಬ ಹ್ಯಾಮ್‌ಗಳ ಕರೆ. ದಿನಕ್ಕೆ ಎರಡು ಅಕ್ಷರ, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಒಂದೇ ದಿನ ಎರಡು ಗಂಟೆ ಕೂತರೆ ತಲೆನೋವು ಬರುತ್ತದೆಯೇ ಹೊರತು ಮೋರ್ಸ್ ಬರುವುದಿಲ್ಲ.

ಕಾಯುವ ಕಾಲ ಕೇಳುವ ಕಾಲ

ಪರೀಕ್ಷೆಗೆ ಅರ್ಜಿ ಹಾಕಿದ ದಿನದಿಂದ ಕಾಲ್‌ಸೈನ್ ಬರುವವರೆಗೆ ತಿಂಗಳುಗಳೇ ಹಿಡಿಯಬಹುದು. ಅತ್ತ ಓದು ಮುಗಿದಿದೆ, ಇತ್ತ ಲೈಸೆನ್ಸ್ ಬಂದಿಲ್ಲ. ಎಷ್ಟೋ ಮಕ್ಕಳ ಉತ್ಸಾಹ ಬತ್ತುವುದೂ, ಕೆಲವರು ಕಳ್ಳದಾರಿ ಹಿಡಿಯುವುದೂ ಈ ಘಟ್ಟದಲ್ಲಿ. ಈ ಕಾಲವನ್ನು ಕೇಳುವುದಕ್ಕೆ ಬಳಸಿ. ಒಳ್ಳೆಯ ಹ್ಯಾಮ್ ಆಗುವವರು ಮೊದಲು ಒಳ್ಳೆಯ ಕೇಳುಗರಾಗಿರುತ್ತಾರೆ.

ಕೇಳಲು ಸೆಟ್ಟನ್ನೇ ಕೊಳ್ಳಬೇಕೆಂದಿಲ್ಲ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಹ್ಯಾಮ್ ಕ್ಲಬ್ಬು ತನ್ನ ಗ್ರಾಹಕ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿ ಎಲ್ಲರಿಗೂ ಬಿಟ್ಟಿದೆ. ಮನೆಯ ಕಂಪ್ಯೂಟರಿನಲ್ಲೇ ಅದನ್ನು ತಿರುಗಿಸಿ ಯುರೋಪಿನಲ್ಲಿ ಕೇಳಿಸುವ ಹ್ಯಾಮ್‌ಗಳ ಮಾತು, ಮೋರ್ಸ್ ಎಲ್ಲವನ್ನೂ ಖರ್ಚಿಲ್ಲದೆ ಆಲಿಸಬಹುದು. ಮನೆಯಲ್ಲಿ ಅಜ್ಜನ ಕಾಲದ ಶಾರ್ಟ್‌ವೇವ್ ರೇಡಿಯೋ ಇದ್ದರೆ 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬಾತುಕೋಳಿ ಕೂಗಿದಂಥ ಸದ್ದು ಕೇಳಿಸೀತು. ರೇಡಿಯೋ ಕೆಟ್ಟಿದೆ ಎಂದುಕೊಳ್ಳಬೇಡಿ. ಹ್ಯಾಮ್‌ಗಳು ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ವಿಧಾನದ ಮಾತು ಸಾಧಾರಣ ರೇಡಿಯೋದಲ್ಲಿ ಕೇಳಿಸುವುದೇ ಹಾಗೆ. ಅದನ್ನು ಮನುಷ್ಯರ ದನಿಯಾಗಿ ಕೇಳಲು ಅದಕ್ಕೆಂದೇ ಏರ್ಪಾಡಿರುವ ಗ್ರಾಹಕ ಬೇಕು.

ಎಲ್ಲಕ್ಕಿಂತ ಒಳ್ಳೆಯ ದಾರಿ, ಊರಿನ ಹ್ಯಾಮ್ ಒಬ್ಬರ ಪರಿಚಯ ಮಾಡಿಕೊಳ್ಳುವುದು. ಮನೆಯ ಮೇಲೆ ಉದ್ದನೆಯ ತಂತಿಯೋ ವಿಚಿತ್ರ ಆಕಾರದ ಆಂಟೆನಾವೋ ಕಂಡರೆ ಅಪ್ಪನೊಂದಿಗೆ ಹೋಗಿ ‘ನಮಸ್ಕಾರ ಸರ್, ನನಗೆ ಹ್ಯಾಮ್ ರೇಡಿಯೋ ಕಲೀಬೇಕು’ ಎಂದು ಕೇಳಿ. ಬಹುತೇಕ ಹ್ಯಾಮ್‌ಗಳು ಕುರ್ಚಿ ಎಳೆದು ಕೂರಿಸುತ್ತಾರೆ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಇದೆ. ಅಲ್ಲಿ ಪಕ್ಕದಲ್ಲಿ ಕೂತು, ಮೈಕ್ ಮುಟ್ಟದೆ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಕಂಪನಾಂಕ, ಕೇಳಿದ ಕಾಲ್‌ಸೈನ್ ಬರೆದುಕೊಳ್ಳಿ. ಮುಂದೆ ಲೈಸೆನ್ಸ್ ಬಂದಾಗ ಇಡಬೇಕಾದ ಲಾಗ್‌ಬುಕ್ಕಿಗೆ ಇದೇ ಅಭ್ಯಾಸ.

ಹೀಗೆ ಬರೆದುಕೊಂಡಾಗ ಪುಸ್ತಕದಲ್ಲಿ ಓದಿದ್ದು ಕಣ್ಣಮುಂದೆ ಬರುತ್ತದೆ. 40 ಮೀಟರ್ ಪಟ್ಟಿಯಲ್ಲಿ ಹಗಲು ಹುಬ್ಬಳ್ಳಿ, ಹೈದರಾಬಾದ್, ಚೆನ್ನೈ ಕೇಳಿಸಿದರೆ, ಕತ್ತಲಾದ ಮೇಲೆ ಸಾವಿರಾರು ಕಿಲೋಮೀಟರ್ ಆಚೆಯ ನಿಲಯಗಳು ಬರುತ್ತವೆ. ವಾತಾವರಣದ ಮೇಲ್ಪದರವಾದ ಅಯಾನುಗೋಳ ಈ ಅಲೆಗಳನ್ನು ಭೂಮಿಗೆ ಹಿಂದಿರುಗಿಸುತ್ತದೆ. ಹಗಲಿನಲ್ಲಿ ಅದರ ಕೆಳಪದರ ಅಲೆಗಳನ್ನು ಹೀರಿಕೊಳ್ಳುತ್ತದೆ, ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. 2 ಮೀಟರ್ ಪಟ್ಟಿಯ ಅಲೆಗಳಾದರೋ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರಕ್ಕೇ ಸೀಮಿತ. ಅದಕ್ಕೇ ಎತ್ತರದ ಜಾಗದಲ್ಲಿ ರಿಪೀಟರ್ ಇಡುತ್ತಾರೆ.

ಸೆಟ್ಟು, ತಂತಿ, ಸಿಡಿಲು

ಲೈಸೆನ್ಸ್ ಕೈಗೆ ಬಂತು. ಈಗ ಸೆಟ್ಟಿನ ಮಾತು. ಹೊಸ ವಿದೇಶಿ ಸೆಟ್ಟಿಗೆ ಆಸೆಪಟ್ಟರೆ ಮಧ್ಯಮ ವರ್ಗದ ಮನೆಯ ಬಜೆಟ್ ಅಲುಗಾಡುತ್ತದೆ. ಮೊದಲ ಸೆಟ್ಟು ಪರಿಚಿತ ಹ್ಯಾಮ್ ಬಳಿ ಕೊಂಡ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಸಾಕು. ಅವರ ಮನೆಯಲ್ಲಿ ಅದು ಕೆಲಸ ಮಾಡುವುದನ್ನು ನೋಡಿ, ಲೈಸೆನ್ಸ್ ತೋರಿಸಿ, ಬರವಣಿಗೆಯಲ್ಲಿ ರಸೀತಿ ಪಡೆಯಿರಿ.

ಬೆಸುಗೆ ಹಾಕಲು ಬರುವವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ಹೈದರಾಬಾದಿನ ಅಶರ್ ಫರ್ಹಾನ್ ಎಂಬ ಹ್ಯಾಮ್ ರೂಪಿಸಿದ ‘ಬಿಟ್‌ಎಕ್ಸ್’ ಸೆಟ್ಟು ಇಂದು ಜಗತ್ತಿನ ಹಲವೆಡೆ ಹೆಸರಾಗಿದೆ. ಸಾಮಾನ್ಯ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಅದು ಆಗಬೇಕೆಂಬುದು ಅವರ ಹಟ. ಕಾಯಿಲ್ ಸುತ್ತಲು ವಿಶೇಷ ಉಂಗುರ ಸಿಗದವರಿಗೆ ನಲ್ಲಿಯ ವಾಷರನ್ನೇ ಬಳಸುವ ಉಪಾಯವೂ ಅದರ ಮೂಲ ವಿನ್ಯಾಸದಲ್ಲಿತ್ತು.

ಆಂಟೆನಾಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಮೊದಲ ಆಂಟೆನಾ ಸರಳ ಡೈಪೋಲ್ ಆಗಿರಲಿ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, 7.1ಕ್ಕೆ ಸುಮಾರು 20 ಮೀಟರ್ ಬರುತ್ತದೆ. ಅಂದರೆ ತಲಾ 10 ಮೀಟರಿನ ಎರಡು ತಾಮ್ರದ ತಂತಿ, ನಡುವೆ ಮತ್ತು ಎರಡು ತುದಿಗಳಲ್ಲಿ ವಿದ್ಯುತ್ ಹರಿಯದ ಪ್ಲಾಸ್ಟಿಕ್ ತುಂಡು, ಕಟ್ಟಲು ನೈಲಾನ್ ಹಗ್ಗ. ಕತ್ತರಿಸುವಾಗ ಒಂದಿಷ್ಟು ಉದ್ದವಾಗಿಯೇ ಕತ್ತರಿಸಿ, ಆಮೇಲೆ ಅಳತೆ ನೋಡಿ ಮೊಟಕುಮಾಡಬಹುದು. ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್ 50 ಓಮಿನದಾಗಿರಲಿ. ನೋಡಲು ಒಂದೇ ಥರ ಇರುವ ಟಿವಿ ಕೇಬಲ್ 75 ಓಮಿನದು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೇಬಲ್ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಿ. ಪ್ರಸಾರಕ್ಕೆ ಮುಂಚೆ ಎಸ್‌ಡಬ್ಲ್ಯುಆರ್ ಮೀಟರ್ ಎರವಲು ತಂದು ಪರೀಕ್ಷಿಸಿ. ಆಂಟೆನಾ ಹೊಂದದಿದ್ದರೆ ಕಳಿಸಿದ ಶಕ್ತಿ ಹಿಂದಿರುಗಿ ಸೆಟ್ಟನ್ನೇ ಕೆಡಿಸಬಹುದು.

ಪಾಲಕರು ಖುದ್ದಾಗಿ ನಿಂತು ನೋಡಬೇಕಾದ ಸಂಗತಿ ಎರಡು. ಮೊದಲನೆಯದು ವಿದ್ಯುತ್ ಕಂಬ. ಆಂಟೆನಾ ತಂತಿ ಹರಿದು ಬಿದ್ದರೂ, ಕಂಬ ವಾಲಿದರೂ ಬೆಸ್ಕಾಂ ಅಥವಾ ಹೆಸ್ಕಾಂ ತಂತಿಯನ್ನು ಮುಟ್ಟಲಾರದಷ್ಟು ದೂರದಲ್ಲಿರಬೇಕು. ತಂತಿ ಏರಿಸುವಾಗ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಎರಡನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ನಮಗೆ ಹೊಸದಲ್ಲ. ಮೋಡ ಕಟ್ಟುವುದು ಕಂಡಕೂಡಲೇ ಆಂಟೆನಾ ಕೇಬಲನ್ನು ಸೆಟ್ಟಿನಿಂದ ಕಿತ್ತು ಮನೆಯಿಂದ ಹೊರಗೆ ಹಾಕುವುದು ಮನೆಯ ನಿಯಮವಾಗಲಿ. ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟಲು ಹೋಗಬಾರದು.

ಬಾಡಿಗೆ ಮನೆಯಾದರೆ ಮಾಲೀಕರಿಗೆ, ಅಪಾರ್ಟ್‌ಮೆಂಟ್ ಆದರೆ ಸಂಘದವರಿಗೆ ಲೈಸೆನ್ಸ್ ಪ್ರತಿ ತೋರಿಸಿ ಮೊದಲೇ ಒಪ್ಪಿಗೆ ಪಡೆಯಿರಿ. ಪಕ್ಕದ ಮನೆಯ ಟಿವಿಯಲ್ಲಿ ಗೆರೆ ಬಂದರೆ ವಾದಕ್ಕಿಳಿಯದೆ ಪ್ರಸಾರ ನಿಲ್ಲಿಸಿ, ಕಾರಣ ಹುಡುಕಿ.

ಮಾತಿನ ಮರ್ಯಾದೆ

ಮೈಕ್ ಹಿಡಿದ ಮೇಲೆ ಮೊದಲ ಕೆಲಸ ಸುಮ್ಮನಿರುವುದು. ಆ ಜಾಗದಲ್ಲಿ ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಒಂದು ನಿಮಿಷ ಕೇಳಿ. ‘ಈ ಜಾಗ ಖಾಲಿ ಇದೆಯೇ’ ಎಂದು ವಿಚಾರಿಸಿ. ಆಮೇಲೆ ಕರೆಯಿರಿ. ಕಾಲ್‌ಸೈನನ್ನು ವಿಕ್ಟರ್, ಯೂನಿಫಾರ್ಮ್, ತ್ರೀ ಎಂದು ಅಕ್ಷರಮಾಲೆಯ ಪದಗಳಲ್ಲಿ ನಿಧಾನವಾಗಿ ಹೇಳಿ. ಕನ್ನಡದಲ್ಲಿ ಮಾತನಾಡಬಹುದೇ ಎಂಬ ಸಂಕೋಚ ಬೇಡ, ಸರಳ ಭಾಷೆಯಲ್ಲಿ ಮಾತಿರಬೇಕು, ಗುಪ್ತಲಿಪಿ ಕೂಡದು, ಅಷ್ಟೇ. ವ್ಯಾಪಾರ, ಜಾಹೀರಾತು, ಹಾಡು ಹಾಕುವುದು ನಿಷಿದ್ಧ. ರಾಜಕೀಯ, ಮತಧರ್ಮದ ಜಗಳ ಒಳ್ಳೆಯ ಹ್ಯಾಮ್‌ಗೆ ಹೇಳಿಸಿದ್ದಲ್ಲ.

ಅಪರಿಚಿತರೊಂದಿಗೆ ಮಾತು ಎಂಬ ಅಳುಕು ತಾಯಂದಿರಿಗೆ ಇರುತ್ತದೆ. ಹ್ಯಾಮ್ ಮಾತಿನಲ್ಲಿ ಗುಟ್ಟಿಗೆ ಎಡೆಯಿಲ್ಲ ಎಂಬುದೇ ಅದಕ್ಕೆ ಸಮಾಧಾನ. ಆಡಿದ್ದನ್ನು ಆ ಪಟ್ಟಿಯಲ್ಲಿರುವ ಎಲ್ಲರೂ ಕೇಳಬಲ್ಲರು, ಪಕ್ಕದ ಕೋಣೆಯಲ್ಲಿರುವ ನೀವೂ ಕೇಳಬಲ್ಲಿರಿ. ಆದರೂ ಊರಿನ ಹೆಸರಿಗಿಂತ ಹೆಚ್ಚಿನ ವಿಳಾಸ, ಫೋನ್ ನಂಬರ್, ‘ಮನೇಲಿ ಯಾರೂ ಇಲ್ಲ’ ಎಂಬಂಥ ಮಾತು ಗಾಳಿಗೆ ಹೋಗಬಾರದೆಂದು ಮಕ್ಕಳಿಗೆ ತಿಳಿಹೇಳಿ. ಹೆಣ್ಣುಮಕ್ಕಳಿಗೆ ಇದು ತಕ್ಕುದೇ ಎಂದು ಕೇಳುವವರಿಗೆ ಪೋರ್ಟ್ ಬ್ಲೇರಿನ ಆ ದಿನಗಳೇ ಉತ್ತರ.

ಈ ರಜೆಗೆ ಇಷ್ಟು

ಮೊದಲ ವಾರ, ಕಂಪ್ಯೂಟರಿನಲ್ಲಿ ದಿನಕ್ಕೆ ಅರ್ಧ ಗಂಟೆ ಹ್ಯಾಮ್‌ಗಳ ಮಾತು ಕೇಳಿ, ಕಾಲ್‌ಸೈನ್ ಬರೆದುಕೊಳ್ಳಿ. ಎರಡನೆಯ ವಾರ, ಸರಳ ಸಂಚಾರ್ ತಾಣದಲ್ಲಿ ನಿಯಮ, ಶುಲ್ಕ, ಬೇಕಾದ ದಾಖಲೆ ಓದಿ ಪಟ್ಟಿ ಮಾಡಿ. ಮೂರನೆಯ ವಾರ, ಹಿರಿಯ ಹ್ಯಾಮ್ ಒಬ್ಬರನ್ನು ಭೇಟಿಯಾಗಿ. ನಾಲ್ಕನೆಯ ವಾರಕ್ಕೂ ಆಸಕ್ತಿ ಉಳಿದಿದ್ದರೆ ಪುಸ್ತಕ ತನ್ನಿ, ಓದಿಗೆ ವೇಳಾಪಟ್ಟಿ ಹಾಕಿ. ಇಷ್ಟಕ್ಕೆ ಖರ್ಚಾಗುವುದು ಒಂದು ನೋಟ್‌ಬುಕ್ಕು, ಒಂದು ಪುಸ್ತಕ, ಬಸ್ ಚಾರ್ಜು. ಆಸಕ್ತಿ ಆ ವೇಳೆಗೆ ಬೇರೆ ಕಡೆ ಹರಿದಿದ್ದರೆ ಮೂಲೆಯಲ್ಲಿ ಧೂಳು ತಿನ್ನುವ ಸೆಟ್ಟೊಂದು ಮನೆಯಲ್ಲಿ ಇರುವುದಿಲ್ಲ. ಉಳಿದಿದ್ದರೆ, ಮುಂದಿನ ರಜೆಯ ಹೊತ್ತಿಗೆ ನಿಮ್ಮ ಮನೆಗೂ ಒಂದು ಕಾಲ್‌ಸೈನ್ ಬಂದಿರಬಹುದು. ಸೆಟ್ಟು ಕೊಡಿಸುವ ಮಾತನ್ನು ಆಗ ಆಡೋಣ.